ಮನೆಯಲ್ಲಿ ಭಾರವೆತ್ತುವವರಿಗೆ ಸಲಕರಣೆಯ ಆಯ್ಕೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂಥ ಬಡಾವಣೆಗಳಲ್ಲಿ ಈಗ ವ್ಯಾಯಾಮಶಾಲೆಗಳಿಗೆ ಕೊರತೆಯಿಲ್ಲ. ಆದರೂ ಅಲ್ಲಿಗೆ ಹೋಗಿಬರಲು ಹೊತ್ತು ಸಾಲದವರು, ಹತ್ತು ಜನರ ಕಣ್ಣಮುಂದೆ ಮೈ ಬಗ್ಗಿಸಲು ಸಂಕೋಚಪಡುವವರು, ಮಕ್ಕಳನ್ನು ಬಿಟ್ಟು ಹೊರಡಲಾರದ ಗೃಹಿಣಿಯರು, ನಡುವಯಸ್ಸನ್ನು ದಾಟಿದ ಗೃಹಸ್ಥರು, ಇವರೆಲ್ಲರೂ ಮನೆಯಲ್ಲಿಯೇ ಅಂಗಸಾಧನೆಯನ್ನು ನಡೆಸಬೇಕೆಂದು ಬಯಸುವುದು ಸಹಜವಾದುದೇ ಆಗಿದೆ. ಇಂಥವರು ಮೊಟ್ಟಮೊದಲು ಕೇಳುವ ಪ್ರಶ್ನೆ, ಯಾವ ಸಲಕರಣೆಯನ್ನು ಕೊಳ್ಳಬೇಕು ಎಂಬುದು. ಅಂಗಡಿಯವರಲ್ಲಿ ಇದಕ್ಕೆ ಉತ್ತರ ಯಾವಾಗಲೂ ಸಿದ್ಧವಾಗಿರುತ್ತದೆ; ಆ ಉತ್ತರವು ಸಾಮಾನ್ಯವಾಗಿ ದೊಡ್ಡದಾಗಿಯೂ ಇರುತ್ತದೆ. ಅದರ ಫಲವಾಗಿ, ಆಯುಧಪೂಜೆಯ ದಿನ ಅರಿಸಿನ ಕುಂಕುಮಗಳನ್ನೂ ಉಳಿದ ದಿನಗಳಲ್ಲಿ ಒದ್ದೆಯ ಪಂಚೆ ಸೀರೆಗಳನ್ನೂ ಧರಿಸಿಕೊಂಡು ನಿಂತಿರುವ ವ್ಯಾಯಾಮ ಯಂತ್ರಗಳು ನಮ್ಮ ಮನೆಗಳಲ್ಲಿ ಎಷ್ಟೋ ಇವೆ.

ಇದರಲ್ಲಿ ಹಣ ವ್ಯರ್ಥವಾಗುವುದು ಸಣ್ಣ ನಷ್ಟ. ದೊಡ್ಡ ನಷ್ಟ ಬೇರೆಯದು. ತಕ್ಕುದಲ್ಲದ ಸಲಕರಣೆಯನ್ನು ಕೊಂಡವನು ಸಲಕರಣೆಯನ್ನು ದೂರುವುದಿಲ್ಲ. ವ್ಯಾಯಾಮವೇ ತನಗೆ ಒಗ್ಗದೆಂದು ತೀರ್ಮಾನಿಸಿ ಕೈಬಿಡುತ್ತಾನೆ. ಹೀಗೆ ಬಿಡುವುದು ಈಗಿನ ತಿಳಿವಳಿಕೆಯ ಪ್ರಕಾರ ಅಲ್ಪವಾದ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ವಯಸ್ಕರೆಲ್ಲರೂ ನಡಿಗೆ ಮುಂತಾದುವುಗಳ ಜೊತೆಗೆ ವಾರಕ್ಕೆ ಎರಡು ದಿನಗಳಾದರೂ ದೇಹದ ಮುಖ್ಯ ಸ್ನಾಯುಗಳನ್ನೆಲ್ಲ ಬಲಪಡಿಸುವ ವ್ಯಾಯಾಮವನ್ನು ಮಾಡಬೇಕೆಂದು ಹೇಳಿದೆ. ನಡುವಯಸ್ಸಿನಿಂದಾಚೆಗೆ ಸ್ನಾಯುವೂ ಮೂಳೆಯೂ ಕ್ರಮೇಣ ಕ್ಷೀಣಿಸುತ್ತವೆ. ಮುಪ್ಪಿನಲ್ಲಿ ಕುರ್ಚಿಯಿಂದ ಕೈಯೂರದೆ ಏಳುವುದು, ಮಹಡಿಯ ಮೆಟ್ಟಿಲನ್ನು ತಾನೇ ಹತ್ತುವುದು, ಎಡವಿದಾಗ ಬೀಳದೆ ಸಾವರಿಸಿಕೊಳ್ಳುವುದು, ಇವೆಲ್ಲ ಸ್ನಾಯುಬಲವನ್ನು ಅವಲಂಬಿಸಿವೆ. ಆದುದರಿಂದ ಸಲಕರಣೆಯನ್ನು ಆರಿಸುವ ವಿವೇಕವೆಂಬುದು ತರುಣರ ತೋಳಿನ ಅಂದಕ್ಕೆ ಮಾತ್ರ ಸಂಬಂಧಿಸಿದುದಲ್ಲ.

ಹಾಗಾದರೆ ಒಳ್ಳೆಯ ಸಲಕರಣೆಯ ಲಕ್ಷಣವೇನು? ನಮ್ಮ ಅಭಿಪ್ರಾಯದಲ್ಲಿ ಅದು ಒಂದೇ: ಭಾರವನ್ನು ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಏರಿಸಲು ಅದು ಅವಕಾಶ ಕೊಡಬೇಕು. ಮಿಕ್ಕ ಗುಣಗಳೆಲ್ಲ ಇದರ ನಂತರ ಬರತಕ್ಕವು. ಇದನ್ನು ಸ್ವಲ್ಪ ವಿವರಿಸುತ್ತೇವೆ.

ಭಾರವೆತ್ತುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಬೆಂಗಳೂರುಗಳ ಗರಡಿಮನೆಗಳಲ್ಲಿ ಮಟ್ಟಿಯ ಪಕ್ಕದಲ್ಲಿ ಗದೆ, ಲೋಡು, ಕಲ್ಲಿನ ಗುಂಡುಗಳು ಇರುವುದನ್ನು ಎಲ್ಲರೂ ಬಲ್ಲರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಬ್ಬ ಜಾತ್ರೆಗಳಂದು ಸಂಗ್ರಾಣಿ ಕಲ್ಲನ್ನು ಎತ್ತುವ ಪಂದ್ಯಗಳು ನಡೆಯುತ್ತವೆ. ಈ ಸಾಧನಗಳಿಂದ ಮಹಾಬಲಶಾಲಿಗಳಾದವರು ಅನೇಕರಿದ್ದಾರೆ. ಆದರೆ ಕಲ್ಲಿಗೆ ಒಂದು ಸ್ವಭಾವವುಂಟು: ಅದು ಬೆಳೆಯುವುದಿಲ್ಲ. ಇಂದು ಎತ್ತಿದ ಗುಂಡಿಗೂ ನಾಳೆ ಎತ್ತಬೇಕಾದ ಮುಂದಿನ ಗುಂಡಿಗೂ ನಡುವೆ ದೊಡ್ಡ ಅಂತರವಿರುತ್ತದೆ. ಉಸ್ತಾದನ ಕಣ್ಣೆದುರಿನಲ್ಲಿ, ದಂಡ ಬಸ್ಕಿಗಳಿಂದ ಮೈ ಹದಗೊಂಡ ಪೈಲವಾನನು ಆ ಅಂತರವನ್ನು ಹಾರಿಯಾನು. ಮನೆಯಲ್ಲಿ ಒಬ್ಬನೇ ಸಾಧನೆ ಮಾಡುವ ಹೊಸಬನು ಹಾರಲಾರನು.

ಪುರಾತನ ಗ್ರೀಸಿನ ಮಲ್ಲನಾದ ಮೈಲೋ ಎಂಬುವನು ಎಳೆಗರುವೊಂದನ್ನು ದಿನವೂ ಹೊರುತ್ತ ಬಂದು, ಕೊನೆಗೆ ಅದು ಎತ್ತಾದಾಗಲೂ ಹೊತ್ತನೆಂದು ಒಂದು ಕಥೆಯಿದೆ. ಕಥೆ ನಿಜವೋ ಅಲ್ಲವೋ, ಅದರ ತತ್ತ್ವ ಮಾತ್ರ ನಿಜ: ಕರು ದಿನದಿಂದ ದಿನಕ್ಕೆ ಬೆಳೆಯುವುದು ಹೊರುವವನ ಅರಿವಿಗೆ ಬಾರದಷ್ಟು ಸ್ವಲ್ಪ. ಇದನ್ನೇ ವೈದ್ಯಶಾಸ್ತ್ರದ ರೀತಿಯಲ್ಲಿ ನಿರೂಪಿಸಿದವರು ಅಮೆರಿಕದ ಸೈನ್ಯದ ವೈದ್ಯರಾದ ಥಾಮಸ್ ಡಿಲಾರ್ಮ್. ಯುದ್ಧದಲ್ಲಿ ಗಾಯಗೊಂಡು ಸ್ನಾಯುಗಳು ಬಡಕಲಾಗಿದ್ದ ಸಿಪಾಯಿಗಳಿಗೆ, ಅವರು ಎತ್ತಬಲ್ಲ ಭಾರವನ್ನು ಅಳೆದು ಕ್ರಮವಾಗಿ ಹೆಚ್ಚಿಸುತ್ತ ಬಲವನ್ನು ಮರಳಿಸುವ ವಿಧಾನವನ್ನು ಅವರು 1945ರಲ್ಲಿ ಪ್ರಕಟಿಸಿದರು. ಅಳತೆ ಮತ್ತು ಏರಿಕೆ, ಇವೆರಡೇ ಆ ವಿಧಾನದ ಜೀವಾಳ.

ಬೆಂಗಳೂರಿಗೆ ಈ ವಿದ್ಯೆಯನ್ನು ಪರಿಚಯ ಮಾಡಿಸಿದವರಲ್ಲಿ ಅಗ್ರಗಣ್ಯರು ಕೆ. ವಿ. ಅಯ್ಯರ್ (1897–1980). ಕನ್ನಡ ಓದುಗರು ಅವರನ್ನು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃಗಳೆಂದು ಬಲ್ಲರು. ಆದರೆ 1920ರ ದಶಕದಲ್ಲಿ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ಸ್ಥಾಪಿಸಿ, ಬಿಲ್ಲೆಗಳನ್ನು ಸೇರಿಸುವ ಬಾರ್ಬೆಲ್ಲಿನ ಸಾಧನೆಯನ್ನೂ ಸೂರ್ಯನಮಸ್ಕಾರ ಯೋಗಾಸನಗಳನ್ನೂ ಒಟ್ಟುಗೂಡಿಸಿ ಕಲಿಸಿದರು. ದೂರದ ಊರುಗಳವರಿಗೆ ಅಂಚೆಯ ಮೂಲಕವೂ ಪಾಠಗಳನ್ನು ಕಳುಹಿಸುತ್ತಿದ್ದರು. ಮನೆಯಲ್ಲಿಯೇ ಕ್ರಮವರಿತು ಸಾಧನೆ ಮಾಡಬಹುದೆಂಬ ಭಾವನೆ ಈ ಊರಿಗೆ ನೂರು ವರ್ಷಗಳಷ್ಟು ಹಳೆಯದು.

ಸಣ್ಣ ಏರಿಕೆಯ ಬೆಲೆ ಎಷ್ಟೆಂಬುದಕ್ಕೆ ನಮ್ಮವರದೇ ಒಂದು ನಿದರ್ಶನವನ್ನು ಕೊಡಬಹುದು. ಉಡುಪಿ ಜಿಲ್ಲೆಯ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕಿಲೋಗ್ರಾಂ ಎತ್ತಿ ಬೆಳ್ಳಿಯ ಪದಕವನ್ನು ಪಡೆದರು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ, ಹಿಂದಿಗಿಂತ ಹೆಚ್ಚಿನ ದೇಹತೂಕದ ವರ್ಗದಲ್ಲಿ, 269 ಕಿಲೋಗ್ರಾಂ ಎತ್ತಿ ಕಂಚಿನ ಪದಕವನ್ನು ಗೆದ್ದರು. ನಾಲ್ಕನೆಯವನಾದ ಕೆನಡಾದವನು ಎತ್ತಿದ್ದು 268. ಜಗತ್ತಿನ ಕೂಟದಲ್ಲಿ ಒಂದು ಕಿಲೋ ಪದಕವನ್ನು ನಿರ್ಣಯಿಸುವುದಾದರೆ, ಹೊಸಬರ ಭುಜಕ್ಕೂ ಬೆನ್ನಿಗೂ ಒಂದು ಕಿಲೋವೆಂಬುದು ಲೆಕ್ಕಕ್ಕೆ ಬಾರದ ವಸ್ತುವೆಂದು ತಿಳಿಯಬಾರದು.

ಈಗ ಅಂಗಡಿಯ ಸರಕನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಅಚ್ಚುಹಾಕಿದ, ತೂಕ ಬದಲಾಗದ ಡಂಬೆಲ್ಲುಗಳು ಅಂದವಾಗಿರುತ್ತವೆ. ಆದರೆ 5 ಕಿಲೋವಿನ ಒಂದು ಜೊತೆಯನ್ನು ಕೊಂಡವರು ಅದು ಹಗುರವಾದಾಗ 7.5 ಕಿಲೋವಿನ ಜೊತೆಗೆ ಹೋಗಬೇಕು. ಅಂದರೆ ಒಂದೇ ಹೆಜ್ಜೆಗೆ ನೂರಕ್ಕೆ ಐವತ್ತು ಪಾಲು ಏರಿಕೆ. ಹಿಡಿಯುಳ್ಳ ಗುಂಡಿನಂಥ ಕೆಟಲ್‌ಬೆಲ್ಲು ಸಾಮಾನ್ಯವಾಗಿ 8, 12, 16 ಹೀಗೆ ನಾಲ್ಕು ನಾಲ್ಕು ಕಿಲೋಗಳ ಅಂತರದಲ್ಲಿ ದೊರೆಯುತ್ತದೆ. ಅದು ನಮ್ಮ ಗರಡಿಯ ಕಲ್ಲುಗುಂಡಿನ ಸಂಬಂಧಿಯೇ ಸರಿ. ರಾಟೆ ಹಗ್ಗಗಳುಳ್ಳ ದೊಡ್ಡ ಯಂತ್ರದಲ್ಲಿ ಏರಿಕೆ ಸುಲಭ, ನಿಜ. ಆದರೆ ಅದು ಒಂದು ಕೋಣೆಯನ್ನೇ ನುಂಗುತ್ತದೆ, ಮನೆ ಬದಲಾಯಿಸುವಾಗ ಕಾಟವಾಗುತ್ತದೆ, ಹಗ್ಗ ಸವೆದರೆ ನಿಂತುಹೋಗುತ್ತದೆ. ಇವುಗಳಿಗೆಲ್ಲ ಹೋಲಿಸಿದರೆ, ಬರಿಯ ಸರಳು ಮತ್ತು ಬಿಡಿ ಬಿಲ್ಲೆಗಳು ನೋಡಲು ಸಾದಾ ಆದರೂ ಹೊಸಬರಿಗೆ ಅತ್ಯಂತ ಯುಕ್ತವಾದುವು.

ಬಿಲ್ಲೆಗಳಲ್ಲಿ ಮುಖ್ಯವಾಗಿ ಮೂರು ಜಾತಿಗಳಿವೆ: ಎರಕದ ಕಬ್ಬಿಣದವು, ರಬ್ಬರು ಹೊದಿಸಿದ ಕಬ್ಬಿಣದವು, ಪ್ಲಾಸ್ಟಿಕ್ ಚಿಪ್ಪಿನೊಳಗೆ ಸಿಮೆಂಟು ತುಂಬಿದವು. ಅಗ್ಗದ ಕಟ್ಟುಗಳಲ್ಲಿ ಬರುವುದು ಹೆಚ್ಚಾಗಿ ಮೂರನೆಯದು. ಎರಕದ ಕಬ್ಬಿಣವು ಅದೇ ಗಾತ್ರದ ನೀರಿಗಿಂತ ಏಳು ಪಟ್ಟಿಗೂ ಹೆಚ್ಚು ಭಾರ. ಸಿಮೆಂಟಿನ ಗಾರೆ ಎರಡೂವರೆ ಪಟ್ಟೂ ಇಲ್ಲ. ಆದಕಾರಣ ಅದೇ ತೂಕಕ್ಕೆ ಸಿಮೆಂಟಿನ ಬಿಲ್ಲೆ ಸುಮಾರು ಮೂರು ಪಟ್ಟು ಗಾತ್ರವಾಗಿರುತ್ತದೆ. ಡಂಬೆಲ್ಲಿನ ಸರಳಿನಲ್ಲಿ ಪ್ರತಿಯೊಂದು ಪಕ್ಕಕ್ಕೂ ಬಿಲ್ಲೆಗೆಂದು ಇರುವ ಸ್ಥಳ ಒಂದು ಗೇಣೂ ಇಲ್ಲ. ಎರಡು ಸಿಮೆಂಟಿನ ಬಿಲ್ಲೆಗಳಿಗೆ ಅದು ತುಂಬಿಹೋದರೆ, ಬಲವಿದ್ದರೂ ಮುಂದಕ್ಕೆ ಏರಲು ಎಡೆಯಿಲ್ಲ. ಮೇಲಾಗಿ ಚಿಪ್ಪು ಬಿರಿದರೆ ಒಳಗಿನ ಗಾರೆ ಪುಡಿಯಾಗಿ ಸೋರುತ್ತದೆ. ಕೈಯಲ್ಲಿ ಹಣ ಕಡಮೆಯಿದ್ದರೆ, ಹೆಚ್ಚು ಕಿಲೋಗಳ ಸಿಮೆಂಟಿಗಿಂತ ಕಡಮೆ ಕಿಲೋಗಳ ಕಬ್ಬಿಣವೇ ಮೇಲು.

ಬಿಲ್ಲೆಯ ರಂಧ್ರದ ವಿಷಯದಲ್ಲಿಯೂ ಮೊದಲೇ ನಿರ್ಧಾರ ಮಾಡಬೇಕು. ಸ್ಪರ್ಧೆಯ ಬಾರ್ಬೆಲ್ಲಿನ ತುದಿ 50 ಮಿಲಿಮೀಟರ್ ದಪ್ಪ. ಮನೆಬಳಕೆಯ ಸರಳುಗಳ ದಪ್ಪ ಒಂದು ಅಂಗುಲ ಅಥವಾ ಅದಕ್ಕಿಂತ ತುಸು ಹೆಚ್ಚು. ಇವೆರಡರ ಬಿಲ್ಲೆಗಳು ಒಂದಕ್ಕೊಂದು ಹೊಂದುವುದಿಲ್ಲ. ಡಂಬೆಲ್ಲಿನ ಸರಳುಗಳಿಗೂ ಉದ್ದನೆಯ ಸರಳಿಗೂ ಒಂದೇ ಬಿಲ್ಲೆಗಳು ಹೊಂದುವಂತೆ ಕೊಂಡರೆ ಖರ್ಚು ಅರ್ಧಕ್ಕಿಳಿಯುತ್ತದೆ. ಹೊಸಬರಿಗೆ 5, 2.5, 1.25 ಕಿಲೋಗಳ ಬಿಲ್ಲೆಗಳು ನಾಲ್ಕು ನಾಲ್ಕು ಇದ್ದರೆ ಒಟ್ಟು 35 ಕಿಲೋ ಆಯಿತು. ಮೊದಲ ಹಲವು ತಿಂಗಳುಗಳಿಗೆ ಅದು ಧಾರಾಳ. ಕೆತ್ತಿರುವ ತೂಕವೂ ನಿಜವಾದ ತೂಕವೂ ಒಂದೇ ಎಂದು ನಂಬದೆ, ತಂದ ಬಿಲ್ಲೆಗಳನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ, ಸರಿಸಮವಾದುವನ್ನು ಜೋಡಿಮಾಡಿಕೊಳ್ಳುವುದು ಒಳ್ಳೆಯದು.

ಸರಳಿನ ಎರಡು ಪಕ್ಕಕ್ಕೂ ಬಿಲ್ಲೆ ಸೇರಿಸಬೇಕಾದುದರಿಂದ 1.25 ಕಿಲೋವಿನ ಬಿಲ್ಲೆಗಳಿದ್ದರೂ ಒಂದು ಸಲದ ಏರಿಕೆ 2.5 ಕಿಲೋ ಆಗುತ್ತದೆ. ಕಾಲಿನ ಬಲದಿಂದ ಮಾಡುವ ಸಾಧನೆಗೆ ಇದು ಸಣ್ಣದು; ಕೈಯನ್ನು ತಲೆಯ ಮೇಲಕ್ಕೆ ಚಾಚಿ ಎತ್ತುವುದಕ್ಕೆ ದೊಡ್ಡದು. ಅರ್ಧ ಕಿಲೋವಿನ ಬಿಲ್ಲೆಗಳು ಅಂಗಡಿಯಲ್ಲಿ ದೊರೆಯದಿದ್ದರೆ, ಪಶ್ಚಿಮ ಬೆಂಗಳೂರಿನವರಿಗೆ ಚಿಂತೆಯಿಲ್ಲ. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿಯೂ ಪೀಣ್ಯದಲ್ಲಿಯೂ ಲೇತು ಕೆಲಸದ ಕಾರ್ಖಾನೆಗಳು ಬೇಕಾದಷ್ಟಿವೆ. 6 ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನಲ್ಲಿ 12 ಸೆಂಟಿಮೀಟರ್ ಅಡ್ಡಳತೆಯ ಬಿಲ್ಲೆಯನ್ನು ಕತ್ತರಿಸಿ, ನಡುವೆ 3 ಸೆಂಟಿಮೀಟರಿನ ರಂಧ್ರವನ್ನು ಕೊರೆದರೆ ಅದು ಅರ್ಧ ಕಿಲೋ ತೂಗುತ್ತದೆ. ಇಂಥ ನಾಲ್ಕು ಬಿಲ್ಲೆಗಳು ಅಂಗಡಿಯ ದೊಡ್ಡ ಯಂತ್ರಕ್ಕಿಂತ ಹೆಚ್ಚು ಉಪಕಾರಮಾಡುವುವು.

ಸರಳನ್ನು ಆರಿಸುವಾಗ ಅದನ್ನು ಸಮನಾದ ನೆಲದ ಮೇಲೆ ಉರುಳಿಸಿ ನೋಡಬೇಕು. ಕುಣಿಯುತ್ತ ಉರುಳಿದರೆ ಬಾಗಿದೆಯೆಂದು ಅರ್ಥ. ಹಿಡಿಯುವ ಭಾಗದಲ್ಲಿ ಕೈ ಜಾರದಂತೆ ಕೊರೆದ ಗೀರುಗಳಿರಬೇಕು. ಬಿಲ್ಲೆಗಳನ್ನು ತಡೆಯುವ ಕಾಲರುಗಳು ತಿರುಪಿನವಾದರೆ ಡಂಬೆಲ್ಲಿಗೆ ಕ್ಷೇಮ. ಸ್ಪರ್ಧೆಗಳಲ್ಲಿ ಗಂಡಸರ ಸರಳು 2.2 ಮೀಟರ್ ಉದ್ದ, 20 ಕಿಲೋ ತೂಕ, ಹೆಂಗಸರದು 2.01 ಮೀಟರ್, 15 ಕಿಲೋ. ಇಂಥ ಸರಳನ್ನು ಬರಿದಾಗಿ ಎತ್ತುವುದೇ ಅನೇಕ ಹೊಸಬರಿಗೆ ಮೊದಲಲ್ಲಿ ಕಷ್ಟ. ಅಲ್ಲದೆ ಹತ್ತಡಿಯ ಕೋಣೆಯಲ್ಲಿ 2.2 ಮೀಟರಿನ ಸರಳನ್ನು ಅಡ್ಡ ಹಿಡಿದರೆ ಎರಡು ಪಕ್ಕದಲ್ಲಿಯೂ ಒಂದೂವರೆ ಅಡಿಯಷ್ಟೂ ಉಳಿಯದು. ಬಿಲ್ಲೆಯನ್ನು ಸೇರಿಸಲು ನಿಲ್ಲುವುದೆಲ್ಲಿ? ಐದಡಿಯ ಸಾದಾ ಸರಳು ನಮ್ಮ ಮನೆಗಳ ಕೋಣೆಗಳಿಗೆ ತಕ್ಕುದು.

ಇಲ್ಲಿಂದ ಮನೆಯ ವಿಚಾರಕ್ಕೆ ಬರುತ್ತೇವೆ. ಇಪ್ಪತ್ತಕ್ಕೆ ಮೂವತ್ತು, ಮೂವತ್ತಕ್ಕೆ ನಲವತ್ತು ಅಡಿಗಳ ನಿವೇಶನಗಳಲ್ಲಿ ಮೇಲೆ ಮೇಲೆ ಎದ್ದಿರುವ ಮನೆಗಳಲ್ಲಿ ನಾವು ವಾಸವಾಗಿದ್ದೇವೆ. ಒಬ್ಬರ ನೆಲ ಮತ್ತೊಬ್ಬರ ಸೂರು. ಭಾರದ ಸಲಕರಣೆಯಿಂದ ಮಹಡಿ ಕುಸಿದೀತೆಂದು ಹೆದರುವವರಿದ್ದಾರೆ. ಭಾರತೀಯ ಮಾನಕದ ಪ್ರಕಾರ ವಾಸದ ಕೋಣೆಯ ನೆಲವನ್ನು ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಹೊರೆಗೆ ಲೆಕ್ಕಹಾಕಿ ಕಟ್ಟತಕ್ಕದ್ದು. ಸರಿಯಾಗಿ ಕಟ್ಟಿದ ಮನೆಯಲ್ಲಿ ಐವತ್ತು ಅರವತ್ತು ಕಿಲೋ ಕಬ್ಬಿಣವೂ ಅದನ್ನು ಎತ್ತುವವರೂ ಸೇರಿ ತುಂಬಿದ ಪುಸ್ತಕದ ಬೀರುವಿಗಿಂತ ಹೆಚ್ಚಿನ ಹೊರೆಯಲ್ಲ. ಭಯಪಡಬೇಕಾದುದು ಇಟ್ಟ ಭಾರಕ್ಕಲ್ಲ, ಬಿದ್ದ ಭಾರಕ್ಕೆ. 40 ಕಿಲೋವಿನ ಸರಳು ಒಂದು ಮೀಟರ್ ಎತ್ತರದಿಂದ ಬಿದ್ದು ಗಟ್ಟಿ ನೆಲದ ಮೇಲೆ ಅರ್ಧ ಸೆಂಟಿಮೀಟರಿನಲ್ಲಿ ನಿಂತಿತೆಂದು ಇಟ್ಟುಕೊಳ್ಳೋಣ. ಆ ಕ್ಷಣದಲ್ಲಿ ನೆಲದ ಮೇಲೆ ಬೀಳುವ ಒತ್ತಡ ಅದರ ತೂಕದ ಇನ್ನೂರು ಪಟ್ಟು, ಅಂದರೆ ಎಂಟು ಸಾವಿರ ಕಿಲೋವಿನಷ್ಟು. ದಪ್ಪನೆಯ ರಬ್ಬರು ಹಾಸು ಎರಡು ಸೆಂಟಿಮೀಟರು ಕುಗ್ಗಿ ತಡೆದರೆ ಅದು ಕಾಲುಭಾಗಕ್ಕಿಳಿಯುತ್ತದೆ. ಹಾಸು ಅಲಂಕಾರವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾಸಿದ್ದರೂ ಮಹಡಿಯ ಮನೆಯಲ್ಲಿ ಭಾರವನ್ನು ಎಸೆಯದೆ ಇಳಿಸುವುದೇ ಧರ್ಮ; ಇಳಿಸುವುದೂ ವ್ಯಾಯಾಮದ ಒಂದು ಭಾಗವೇ.

ತಲೆಯ ಮೇಲೆ ತಿರುಗುವ ಪಂಖವನ್ನೂ ಮರೆಯಬಾರದು. ಐದೂವರೆ ಅಡಿಯ ಆಳು ಸರಳನ್ನು ಪೂರ್ತಿ ಮೇಲೆತ್ತಿದಾಗ ಬಿಲ್ಲೆಯ ಅಂಚು ಏಳಡಿಗೂ ಮೇಲಕ್ಕೆ ಹೋಗುತ್ತದೆ. ಪಂಖದ ಕೆಳಗೆ ನಿಲ್ಲದಿರುವುದು, ಅಥವಾ ಕುಳಿತು ಎತ್ತುವುದು ಉಚಿತ. ತಾರಸಿಯ ಮೇಲೆ ತಗಡಿನ ಚಪ್ಪರದಡಿ ಸಾಧನೆ ಮಾಡುವವರು ಮಳೆಯ ಎರಚಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಬೆಂಗಳೂರಿನ ತೇವವು ಕಬ್ಬಿಣವನ್ನು ಬಿಡುವುದಿಲ್ಲ; ಒರಸಿ ಎಣ್ಣೆ ಸವರುವ ಕೆಲಸ ತಪ್ಪಬಾರದು. ಬಿದ್ದ ಭಾರದಿಂದ ತಾರಸಿಯ ಮೇಲ್ಗಾರೆ ಬಿರಿದರೆ ಕೆಳಗಿನ ಕೋಣೆ ಸೋರುವುದು ಆ ಮಳೆಗಾಲದಲ್ಲಿಯೇ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಮಾತು. ಬೆಂಚಿನ ಮೇಲೆ ಅಂಗಾತ ಮಲಗಿ ಎದೆಯ ಮೇಲಿಂದ ಉದ್ದ ಸರಳನ್ನು ತಳ್ಳುವ ಸಾಧನೆ ತರುಣರಿಗೆಲ್ಲ ಬಹು ಪ್ರಿಯ. ಕೈ ಸೋತಾಗ ಆ ಸರಳು ಇಳಿಯುವುದು ಎದೆಗೆ ಅಥವಾ ಕುತ್ತಿಗೆಗೆ. ಪಕ್ಕದಲ್ಲಿ ಹಿಡಿಯುವವರಿಲ್ಲದೆ, ಸರಳನ್ನು ತಡೆಯುವ ಆಧಾರದ ತೋಳುಗಳಿಲ್ಲದೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇದನ್ನು ಮಾಡಿ ಪ್ರಾಣ ಕಳೆದುಕೊಂಡವರು ಜಗತ್ತಿನ ನಾನಾ ಕಡೆ ಇದ್ದಾರೆ. ಆದುದರಿಂದ ಹೊಸಬರು ಮೊದಲು ನೆಲದ ಹಾಸಿನ ಮೇಲೆ ಮಲಗಿ ಡಂಬೆಲ್ಲುಗಳಿಂದಲೇ ಈ ಸಾಧನೆಯನ್ನು ಮಾಡಲಿ. ಮೊಳಕೈ ನೆಲಕ್ಕೆ ತಾಗಿ ತಾನೇ ನಿಲ್ಲುತ್ತದೆ, ಸೋತರೆ ಭಾರವನ್ನು ಪಕ್ಕಕ್ಕೆ ಇಳಿಸಬಹುದು. ಮುಂದೆ ಬೆಂಚನ್ನು ಕೊಳ್ಳುವುದಾದರೆ ಅಲುಗಾಡದುದನ್ನು ಕೊಳ್ಳಬೇಕು. ಸ್ಪರ್ಧೆಯ ಬೆಂಚಿನ ಅಗಲ 29ರಿಂದ 32, ಎತ್ತರ 42ರಿಂದ 45 ಸೆಂಟಿಮೀಟರ್. ಈ ಅಳತೆ ಮನೆಗೂ ಒಳ್ಳೆಯ ಮಾದರಿ. ಇದಕ್ಕಿಂತ ಬಹಳ ಕಿರಿದಾದರೆ ಭುಜದ ಎಲುಬಿಗೆ ಆಸರೆಯಿಲ್ಲ. ಬಹಳ ಎತ್ತರವಾದರೆ ಪಾದ ನೆಲಕ್ಕೆ ಊರುವುದಿಲ್ಲ. ಸರಳನ್ನು ಹೆಗಲ ಮೇಲೆ ಹೊತ್ತು ಕುಳಿತೇಳುವವರು ತಡೆತೋಳುಗಳಿರುವ ಆಧಾರಸ್ತಂಭಗಳನ್ನು ಕೊಂಡ ಮೇಲೆಯೇ ದೊಡ್ಡ ಭಾರಕ್ಕೆ ಹೋಗತಕ್ಕದ್ದು.

ಮಕ್ಕಳಿರುವ ಮನೆಯಲ್ಲಿ ಬಿಲ್ಲೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಬಾರದು. ಮಲಗಿಸಿ ಇಡಬೇಕು, ಇಲ್ಲವೆ ಬೀಗದ ಪೆಟ್ಟಿಗೆಯಲ್ಲಿಡಬೇಕು. ರಕ್ತದ ಒತ್ತಡ, ಹೃದ್ರೋಗ, ಅಂಡವಾಯು ಇರುವವರು ವೈದ್ಯರ ಸಲಹೆಯಿಲ್ಲದೆ ಪ್ರಾರಂಭಿಸಬಾರದು. ಉಸಿರು ಬಿಗಿಹಿಡಿದು ತಿಣುಕುವಾಗ ರಕ್ತದ ಒತ್ತಡ ಒಮ್ಮೆಲೇ ಬಹಳ ಏರುತ್ತದೆ. ಹೆಂಗಸರಿಗೆ ಭಾರ ಸಲ್ಲದೆಂಬ ಹಳೆಯ ಮಾತಿಗೆ ಮಾತ್ರ ಆಧಾರವಿಲ್ಲ. 2000ದಲ್ಲಿ ಸಿಡ್ನಿಯಲ್ಲಿ ಹೆಂಗಸರ ಭಾರ ಎತ್ತುವಿಕೆ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಸೇರಿದಾಗಲೇ ಕರ್ಣಂ ಮಲ್ಲೇಶ್ವರಿಯವರು 240 ಕಿಲೋ ಎತ್ತಿ ಭಾರತಕ್ಕೆ ಕಂಚಿನ ಪದಕವನ್ನು ತಂದರು. ಮೂಳೆ ಸವೆಯುವ ಭಯ ಹೆಂಗಸರಿಗೇ ಹೆಚ್ಚಾದುದರಿಂದ ಈ ಸಾಧನೆಯ ಅಗತ್ಯವೂ ಅವರಿಗೇ ಹೆಚ್ಚು.

ಕೊಳ್ಳುವ ಕ್ರಮವನ್ನು ಹೇಳಿ ಈ ಭಾಷಣವನ್ನು ಮುಗಿಸುತ್ತೇವೆ. ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ದಂಡ, ಬಸ್ಕಿಗಳ ಜೊತೆಗೆ ಹಿಡಿಯುಳ್ಳ ಬಕೆಟ್ಟಿಗೆ ನೀರು ತುಂಬಿ ಎತ್ತಿ ನಡೆಯಿರಿ. ನೀರು ಲೀಟರಿಗೊಂದು ಕಿಲೋ ತೂಗುವುದರಿಂದ ಇಷ್ಟು ಒಳ್ಳೆಯ ಅಳತೆಯ ಭಾರ ಬೇರೊಂದಿಲ್ಲ. ವಾರಕ್ಕೆ ಮೂರು ದಿನ ತಪ್ಪದೆ ನಡೆಸಿದ ಮೇಲೆ ರಬ್ಬರು ಹಾಸು, ಬಿಲ್ಲೆ ಬದಲಾಯಿಸುವ ಒಂದು ಜೊತೆ ಡಂಬೆಲ್ಲು ಇವನ್ನು ತನ್ನಿರಿ. ಮೂರು ನಾಲ್ಕು ತಿಂಗಳಾದ ಮೇಲೆ ಐದಡಿಯ ಸರಳು. ಆ ಬಳಿಕ ಬೆಂಚು. ಎಲ್ಲಕ್ಕಿಂತ ಕೊನೆಗೆ ಆಧಾರಸ್ತಂಭ. ಒಂದು ಸಾಧನೆಯನ್ನು ಎಂಟು ಸಲ ಮಾಡಬಲ್ಲ ಭಾರದಿಂದ ಪ್ರಾರಂಭಿಸಿ, ಹನ್ನೆರಡು ಸಲ ನೆಟ್ಟಗೆ ಮಾಡುವಂತಾದಾಗ ಅತಿ ಸಣ್ಣ ಬಿಲ್ಲೆಯನ್ನು ಸೇರಿಸಿ ಮತ್ತೆ ಎಂಟಕ್ಕೆ ಬನ್ನಿರಿ. ಇದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ದಿನಾಂಕಸಹಿತ ಬರೆದಿಡಿ. ಎತ್ತುವ ಭಂಗಿಯನ್ನು ಮಾತ್ರ ಬಲ್ಲವರೊಬ್ಬರಿಂದ ಎರಡು ಮೂರು ಸಲವಾದರೂ ಎದುರಿಗೆ ನಿಂತು ತಿದ್ದಿಸಿಕೊಳ್ಳಬೇಕು.

ಹೀಗೆ ಮಾಡಿದವರು ಆರು ತಿಂಗಳ ಮೇಲೆ ಆ ಪುಸ್ತಕವನ್ನು ತಿರುವಿ ನೋಡಿದರೆ, ಮುಂದೆ ಯಾವ ಸಲಕರಣೆ ಬೇಕೆಂಬುದು ಅವರಿಗೇ ತಿಳಿಯುತ್ತದೆ. ಅಂಗಡಿಯವರನ್ನಾಗಲಿ ನಮ್ಮನ್ನಾಗಲಿ ಕೇಳುವ ಪ್ರಸಂಗ ಬರುವುದಿಲ್ಲ.